ರೆಲ್‌ಎ ಅಲ್ಲ, ಸ್ಪಾಟ್ ಕೂಡ ಅಲ್ಲ: ಒಂದು ಬ್ಯಾಕ್ಟೀರಿಯಾ ಕಿಣ್ವದ ಕುಲಮೂಲ

ಪ್ರಶ್ನೆ: ನಾನು ಎಂ.ಎಸ್ಸಿ. ಮೈಕ್ರೋಬಯಾಲಜಿ ಕೊನೆಯ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗೆ ಮಣ್ಣಿನಿಂದ ಬೇರ್ಪಡಿಸಿದ ಒಂದು ಬ್ಯಾಸಿಲಸ್ ತಳಿಯ ಜೀನೋಮ್ ಓದಿಸಿದ್ದೇವೆ. ಅದರಲ್ಲಿ ಪಿಪಿಜಿಪಿಪಿ ಎಂಬ ಸಂಕೇತದ ಅಣುವನ್ನು ತಯಾರಿಸುವ ಕಿಣ್ವದ ಜೀನ್ ಸಿಕ್ಕಿದೆ. ಉದ್ದ 2,205 ಬೇಸ್. ಒಂದು ಡೇಟಾಬೇಸ್ ಇದನ್ನು ರೆಲ್‌ಎ ಅನ್ನುತ್ತದೆ, ಇನ್ನೊಂದು ಸ್ಪಾಟ್ ಅನ್ನುತ್ತದೆ. ಬ್ಲಾಸ್ಟ್ (ಸೀಕ್ವೆನ್ಸ್‌ಗಳ ಹೋಲಿಕೆ ಅಳೆಯುವ ಪ್ರೋಗ್ರಾಂ) ಮಾಡಿದರೆ ಇ. ಕೋಲೈನ ರೆಲ್‌ಎಗಿಂತ ಸ್ಪಾಟ್‌ಗೇ ಸ್ಕೋರ್ ಜಾಸ್ತಿ. ಆದರೆ ವಂಶವೃಕ್ಷ ಕಟ್ಟಿದಾಗ ನನ್ನ ಜೀನ್ ಎರಡರ ಜೊತೆಗೂ ಸೇರದೆ ಹೊರಗೆ ನಿಲ್ಲುತ್ತದೆ. ಇದೇ ಜೀನೋಮ್‌ನಲ್ಲಿ ಇದನ್ನು ಹೋಲುವ ಇನ್ನೆರಡು ಚಿಕ್ಕ ಜೀನ್‌ಗಳಿವೆ. ಅವನ್ನು ಸೇರಿಸಿದರೆ ಮರವೇ ಕಲಸಿಹೋಗುತ್ತದೆ. ನನ್ನ ಮರ ತಪ್ಪಾ? ಜೀನ್‌ಗೆ ಯಾವ ಹೆಸರು ಬರೆಯಲಿ? ಸೀಕ್ವೆನ್ಸ್ ಜೊತೆಗಿಟ್ಟಿದ್ದೇನೆ.

ಉತ್ತರ:

ನಿಮ್ಮ ದೊಡ್ಡ ಜೀನ್‌ನ ಮರ ಸರಿಯಾಗಿದೆ. ಹೊರಗೆ ನಿಂತಿದೆ ಅಂದಿರಲ್ಲ, ಅದೇ ಅದರ ನಿಜವಾದ ಜಾಗ. ತೊಡಕು ಇರುವುದು ಹೆಸರುಗಳಲ್ಲಿ. ರೆಲ್‌ಎ, ಸ್ಪಾಟ್ ಎರಡೂ ಇ. ಕೋಲೈ ಮನೆಯೊಳಗೆ ಇಟ್ಟ ಹೆಸರುಗಳು. ಆ ಮನೆಯಲ್ಲಿ ಆದದ್ದು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಆಗಿಲ್ಲ. ನಿಮ್ಮ ಜೀನ್, ಅವೆರಡೂ ಬೇರೆಬೇರೆಯಾಗುವ ಎಷ್ಟೋ ಮೊದಲೇ ಕವಲೊಡೆದ ಸಾಲಿಗೆ ಸೇರಿದ್ದು. ಎರಡರಲ್ಲಿ ಒಂದಕ್ಕೆ ಸೇರಿಸಲೇಬೇಕು ಅಂತ ಹೊರಟರೆ ಉತ್ತರ ಸಿಗುವುದಿಲ್ಲ.

ಹೆಸರುಗಳು ಎಲ್ಲಿಂದ ಬಂದವು ಅಂತ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಅಮೈನೋ ಆಮ್ಲ ಸಿಗದೆ ಹೋದರೆ ಇ. ಕೋಲೈ ಪ್ರೊಟೀನ್ ಕಟ್ಟುವ ಯಂತ್ರವಾದ ತನ್ನ ರೈಬೋಸೋಮ್‌ಗೆ ಬೇಕಾದ ಆರ್‌ಎನ್‌ಎ ತಯಾರಿಕೆಯನ್ನು ಬಿಗಿಹಿಡಿಯುತ್ತದೆ. ಕೆಲವು ಮ್ಯುಟೆಂಟ್‌ಗಳು, ಅಂದರೆ ಜೀನ್ ಬದಲಾದ ತಳಿಗಳು, ಮಾತ್ರ ಹಿಡಿತವಿಲ್ಲದೆ ಆರ್‌ಎನ್‌ಎ ಮಾಡುತ್ತಲೇ ಇರುತ್ತವೆ. ಅಂಥವನ್ನು ‘ರಿಲ್ಯಾಕ್ಸ್ಡ್’ ಎಂದು ಕರೆದರು. 1961ರಲ್ಲಿ ಗುಂಥರ್ ಸ್ಟೆಂಟ್ ಮತ್ತು ಸಿಡ್ನಿ ಬ್ರೆನ್ನರ್ ಈ ಗುಣ ಜೀನೋಮ್‌ನ ಒಂದು ನಿರ್ದಿಷ್ಟ ಜಾಗಕ್ಕೆ ಸೇರಿದ್ದು ಎಂದು ತೋರಿಸಿದರು. ‘ರೆಲ್’ ಬಂದದ್ದು ಹೀಗೆ. 1969ರಲ್ಲಿ ಮೈಕೆಲ್ ಕ್ಯಾಶೆಲ್ ಮತ್ತು ಜೊನಾಥನ್ ಗ್ಯಾಲಂಟ್, ಹಸಿದ ಜೀವಕೋಶಗಳ ಸಾರವನ್ನು ಕ್ರೊಮ್ಯಾಟೊಗ್ರಫಿ ಹಾಳೆಯ ಮೇಲೆ ಓಡಿಸಿದಾಗ ಅಲ್ಲಿಯವರೆಗೆ ಯಾರೂ ಕಾಣದ ಚುಕ್ಕೆಗಳು ಎದ್ದವು. ಮಾಮೂಲಿ ತಳಿಯಲ್ಲಿದ್ದವು, ರಿಲ್ಯಾಕ್ಸ್ಡ್ ಮ್ಯುಟೆಂಟ್‌ನಲ್ಲಿ ಇರಲಿಲ್ಲ. ‘ಮ್ಯಾಜಿಕ್ ಸ್ಪಾಟ್’ ಎಂಬ ಅಡ್ಡಹೆಸರು ನಿಂತೇಬಿಟ್ಟಿತು. ಆ ಚುಕ್ಕೆಗಳೇ ಪಿಪಿಜಿಪಿಪಿ ಮತ್ತು ಅದರ ಜೋಡಿ ಪಿಪಿಪಿಜಿಪಿಪಿ. ಚುಕ್ಕೆಯ ಪ್ರಮಾಣವನ್ನು ಏರುಪೇರು ಮಾಡುವ ಇನ್ನೊಂದು ಜೀನ್ 1974ರಲ್ಲಿ ಸಿಕ್ಕಿದಾಗ ಅದಕ್ಕೆ ‘ಸ್ಪಾಟ್’ ಅಂತಲೇ ಹೆಸರಾಯಿತು.

ನೋಡಿ, ಒಂದರ ಹೆಸರು ಮ್ಯುಟೆಂಟ್‌ನ ನಡತೆಯಿಂದ ಬಂತು, ಇನ್ನೊಂದರದು ಹಾಳೆಯ ಮೇಲಿನ ಕಲೆಯಿಂದ. ಆಗ ಸೀಕ್ವೆನ್ಸ್ ಯಾರ ಕೈಯಲ್ಲೂ ಇರಲಿಲ್ಲ. ಇವೆರಡು ಒಂದೇ ರಕ್ತದವು ಅಂತ ಗೊತ್ತಾದದ್ದು ಆಮೇಲೆ. ಬೇರೆ ಬ್ಯಾಕ್ಟೀರಿಯಾಗಳ ಜೀನೋಮ್‌ಗಳು ಬರತೊಡಗಿದಾಗ ಇನ್ನೂ ಒಂದು ವಿಷಯ ಕಂಡಿತು. ಹೆಚ್ಚಿನವುಗಳಲ್ಲಿ ಈ ಉದ್ದನೆಯ ಕಿಣ್ವ ಎರಡಿಲ್ಲ, ಒಂದೇ ಇದೆ. ಆ ಒಂದೇ ಕಿಣ್ವ ಪಿಪಿಜಿಪಿಪಿಯನ್ನು ಕಟ್ಟುತ್ತದೆ, ಬೇಡವಾದಾಗ ಒಡೆಯುತ್ತದೆ. ಅದಕ್ಕೆ ಈಗ ಬರೀ ‘ರೆಲ್’ ಅನ್ನುವುದು ವಾಡಿಕೆ. ಎರಡು ಇರುವುದು ಮುಖ್ಯವಾಗಿ ಬೀಟಾ ಮತ್ತು ಗಾಮಾ ಪ್ರೋಟಿಯೋಬ್ಯಾಕ್ಟೀರಿಯಾಗಳಲ್ಲಿ. ಇ. ಕೋಲೈ ಗಾಮಾ ಗುಂಪಿನದು.

ಆದದ್ದು ಇಷ್ಟು. ಬೀಟಾ-ಗಾಮಾ ಗುಂಪುಗಳ ಪೂರ್ವಜನಲ್ಲಿ ಒಂದು ರೆಲ್ ಜೀನ್ ನಕಲಾಗಿ ಎರಡಾಯಿತು. ಆಮೇಲೆ ಇವೆರಡೂ ಕೆಲಸ ಹಂಚಿಕೊಂಡು ದಾಯಾದಿಗಳ ಹಾಗೆ ಬೇರೆಯಾದವು. ರೆಲ್‌ಎ ರೈಬೋಸೋಮ್ ಹತ್ತಿರ ಕೂತು, ಅಮೈನೋ ಆಮ್ಲ ಹೊತ್ತಿರದ ಖಾಲಿ ಟಿಆರ್‌ಎನ್‌ಎ ಬಂದ ಕೂಡಲೇ ಪಿಪಿಜಿಪಿಪಿ ಕಟ್ಟುವುದಕ್ಕೆ ನಿಂತಿತು. ಒಡೆಯುವ ಶಕ್ತಿಯನ್ನು ಕಳೆದುಕೊಂಡಿತು. ಸ್ಪಾಟ್ ಮುಖ್ಯವಾಗಿ ಒಡೆಯುವ ಕೆಲಸಕ್ಕೆ ನಿಂತಿತು. ಕಟ್ಟುವ ಶಕ್ತಿ ಅದರಲ್ಲಿ ಉಳಿದಿದೆ, ಆದರೆ ಕ್ಷೀಣ. ಕೊಬ್ಬಿನಾಮ್ಲ ಅಥವಾ ಕಬ್ಬಿಣ ಕಡಿಮೆಯಾದಾಗ ಕಟ್ಟುವುದು ಇದೇ. ಅಸಿನೆಟೋಬ್ಯಾಕ್ಟರ್ ಇರುವ ಕುಟುಂಬದಲ್ಲಂತೂ ಸ್ಪಾಟ್ ಕಟ್ಟುವುದನ್ನು ಪೂರಾ ಬಿಟ್ಟು ಬರೀ ಒಡೆಯುವ ಕಿಣ್ವವಾಗಿದೆ.

ನಿಮ್ಮ ಬ್ಯಾಸಿಲಸ್ ಈ ಗುಂಪಿನ ಹತ್ತಿರಕ್ಕೂ ಬರುವುದಿಲ್ಲ. ಅದರ ಸಾಲಿನಲ್ಲಿ ಈ ನಕಲಾಗುವಿಕೆ ನಡೆದೇ ಇಲ್ಲ. ನಿಮ್ಮ 2,205 ಬೇಸ್‌ನಲ್ಲಿ ಕೊನೆಯ ಮೂರು ಸ್ಟಾಪ್ ಕೋಡಾನ್, ಅಂದರೆ ಪ್ರೊಟೀನ್ ಇಲ್ಲಿಗೆ ಮುಗಿಯಿತು ಅನ್ನುವ ಗುರುತು. ಉಳಿದದ್ದು 734 ಅಮೈನೋ ಆಮ್ಲ. ಬ್ಯಾಸಿಲಸ್ ಸಬ್ಟಿಲಿಸ್‌ನ ರೆಲ್ ಕೂಡ ಅಷ್ಟೇ ಉದ್ದ. ಇ. ಕೋಲೈ ರೆಲ್‌ಎ 744, ಸ್ಪಾಟ್ 702. ಉದ್ದದಿಂದ ಕುಲ ಹೇಳಲಾಗುವುದಿಲ್ಲ ನಿಜ, ಆದರೆ ಜೀನ್ ಪೂರ್ತಿಯಾಗಿದೆ, ಎಲ್ಲೂ ತುಂಡಾಗಿಲ್ಲ ಅನ್ನುವುದಕ್ಕೆ ಇದು ಒಳ್ಳೆಯ ಗುರುತು.

ಹಾಗಿದ್ದರೆ ಡೇಟಾಬೇಸ್‌ಗಳು ಯಾಕೆ ಜಗಳವಾಡುತ್ತವೆ? ಹೆಸರು ಒಂದರಿಂದ ಒಂದಕ್ಕೆ ನಕಲಾಗುತ್ತಾ ಹೋಗುತ್ತದೆ, ಅಷ್ಟೇ. ಬ್ಯಾಸಿಲಸ್ ಸಬ್ಟಿಲಿಸ್‌ನ ಒಂಟಿ ಕಿಣ್ವವನ್ನು ಬಹಳ ಕಾಲ ‘ರೆಲ್‌ಎ’ ಎಂದೇ ಬರೆದರು. ಕಾಲೋಬ್ಯಾಕ್ಟರ್ ಎಂಬ ಆಲ್ಫಾ ಪ್ರೋಟಿಯೋಬ್ಯಾಕ್ಟೀರಿಯಾದ ಒಂಟಿ ಕಿಣ್ವಕ್ಕೆ ‘ಸ್ಪಾಟ್’ ಎಂದರು. ಎರಡೂ ಕಟ್ಟುತ್ತವೆ, ಎರಡೂ ಒಡೆಯುತ್ತವೆ. ಎರಡೂ ರೆಲ್‌ಗಳೇ. ಹೆಸರು ಮಾತ್ರ ನೋಡಿದರೆ ಒಂದು ಅಣ್ಣ, ಒಂದು ತಮ್ಮ ಅನ್ನಿಸುತ್ತದೆ. ನಿಮ್ಮ ಸೀಕ್ವೆನ್ಸ್‌ಗೆ ಯಾವ ಡೇಟಾಬೇಸ್‌ನಲ್ಲಿ ಯಾವ ನೆಂಟ ಮೊದಲು ಸಿಕ್ಕಿದನೋ ಅವನ ಹೆಸರು ಅಂಟಿಕೊಂಡಿದೆ.

ಈಗ ಬ್ಲಾಸ್ಟ್ ಸ್ಕೋರಿನ ವಿಷಯ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಸ್ಪಾಟ್‌ಗೆ ಹೋಲಿಕೆ ಜಾಸ್ತಿ ಅಂದ ಮಾತ್ರಕ್ಕೆ ನೆಂಟಸ್ತಿಕೆ ಜಾಸ್ತಿ ಅಂತಲ್ಲ. ನಕಲಾದ ಮೇಲೆ ರೆಲ್‌ಎ ವೇಗವಾಗಿ ಬದಲಾಯಿತು. ಒಂದು ಕೆಲಸವನ್ನೇ ಬಿಟ್ಟ ಮೇಲೆ ಆ ಭಾಗದ ಅಮೈನೋ ಆಮ್ಲಗಳನ್ನು ಹಾಗೇ ಕಾಪಾಡಿಕೊಳ್ಳುವ ಒತ್ತಡ ಇರಲಿಲ್ಲ. ಸ್ಪಾಟ್ ಒಡೆಯುವುದನ್ನು ಬಿಡಲಿಲ್ಲ, ಹಾಗಾಗಿ ಹಳೆಯ ರೂಪ ಅದರಲ್ಲಿ ಹೆಚ್ಚು ಉಳಿದಿದೆ. ನಿಮ್ಮ ರೆಲ್‌ನಲ್ಲೂ ಹಳೆಯ ರೂಪ ಉಳಿದಿದೆ. ಎರಡೂ ಹಳೆಯದನ್ನು ಉಳಿಸಿಕೊಂಡಿವೆ, ಅದಕ್ಕೇ ಒಂದನ್ನೊಂದು ಹೋಲುತ್ತವೆ. ಆದರೆ ಸ್ಪಾಟ್‌ನ ಒಡಹುಟ್ಟು ರೆಲ್‌ಎಯೇ. ಒಡಹುಟ್ಟಿದವರಲ್ಲಿ ಒಬ್ಬ ಗುರುತು ಸಿಗದಷ್ಟು ಬದಲಾದರೂ ಅವನು ಒಡಹುಟ್ಟಿದವನಲ್ಲದೆ ಹೋಗುತ್ತಾನೆಯೇ? ಬ್ಲಾಸ್ಟ್ ಹೋಲಿಕೆಯನ್ನು ಅಳೆಯುತ್ತದೆ. ಕವಲೊಡೆದ ಕ್ರಮವನ್ನು ಹೇಳುವುದು ಮರದ ಕೆಲಸ.

1970ರಲ್ಲಿ ವಾಲ್ಟರ್ ಫಿಚ್ ಇದಕ್ಕೆಂದೇ ಎರಡು ಪದ ಕೊಟ್ಟರು. ಜೀವಿಗಳ ಸಾಲು ಕವಲೊಡೆದು ಬೇರೆಯಾದ ಜೀನ್‌ಗಳು ಆರ್ಥೋಲಾಗ್. ಒಂದೇ ಸಾಲಿನೊಳಗೆ ಜೀನ್ ನಕಲಾಗಿ ಬೇರೆಯಾದವು ಪ್ಯಾರಲಾಗ್. ಇ. ಕೋಲೈನ ರೆಲ್‌ಎ ಮತ್ತು ಸ್ಪಾಟ್ ಒಂದಕ್ಕೊಂದು ಪ್ಯಾರಲಾಗ್. ನಿಮ್ಮ ರೆಲ್‌ಗೆ ಅವೆರಡೂ ಸಮಾನವಾಗಿ ಆರ್ಥೋಲಾಗ್. ‘ಇದರಲ್ಲಿ ಯಾವುದು ನನ್ನ ಜೀನ್’ ಅಂತ ಕೇಳಿದಿರಲ್ಲ, ಎರಡೂ ಹೌದು ಅನ್ನುವುದೇ ಉತ್ತರ.

ಇನ್ನು ಸೀಕ್ವೆನ್ಸ್‌ನ ಒಳಗೆ ಇಣುಕಿ ನೋಡೋಣ. ನೀವು ಕಳಿಸಿದ ಪ್ರೊಟೀನ್ ಸಾಲನ್ನು ಇ. ಕೋಲೈನ ಎರಡು ಮತ್ತು ಸ್ಟ್ರೆಪ್ಟೊಕಾಕಸ್‌ನ ರೆಲ್ ಜೊತೆ ಇಟ್ಟು ನೋಡಿದೆ. ಸ್ಟ್ರೆಪ್ಟೊಕಾಕಸ್‌ದನ್ನು ಆರಿಸಿದ್ದಕ್ಕೆ ಕಾರಣ ಇದೆ. ಕಟ್ಟುವ ಮತ್ತು ಒಡೆಯುವ ಎರಡೂ ಭಾಗಗಳ ಹರಳಿನ ರಚನೆ ಮೊದಲು ಸಿಕ್ಕಿದ್ದು ಅದರದೇ, 2004ರಲ್ಲಿ. ಆ ರಚನೆಯಲ್ಲಿ ಒಡೆಯುವ ಭಾಗದೊಳಗೆ ಒಂದು ಮ್ಯಾಂಗನೀಸ್ ಅಯಾನು ಕೂತಿದೆ. ಅದನ್ನು ಹಿಡಿದಿರುವವರು ನಾಲ್ವರು: 53 ಮತ್ತು 77ನೇ ಜಾಗದ ಹಿಸ್ಟಿಡೀನ್, 78 ಮತ್ತು 144ನೇ ಜಾಗದ ಆಸ್ಪಾರ್ಟೇಟ್. ಅಮೈನೋ ಆಮ್ಲಗಳ ಒಂದಕ್ಷರದ ಸಂಕೇತದಲ್ಲಿ 77-78ರ ಜೋಡಿಯೇ ‘ಎಚ್‌ಡಿ’. ಈ ಭಾಗಕ್ಕೆ ಎಚ್‌ಡಿ ಡೊಮೈನ್ ಎಂಬ ಹೆಸರು ಬಂದದ್ದು ಇದರಿಂದಲೇ. ಎರಡು ಅಕ್ಷರ ಬಿಟ್ಟು ಮುಂದೆ ‘ಇಡಿ’, ಅಂದರೆ ಗ್ಲುಟಮೇಟ್ ಮತ್ತು ಆಸ್ಪಾರ್ಟೇಟ್.

ಇ. ಕೋಲೈ ಸ್ಪಾಟ್‌ನಲ್ಲಿ ಈ ಎಚ್‌ಡಿ ಹಾಗೇ ಇದೆ. ನಿಮ್ಮದರಲ್ಲೂ ಇದೆ. ಈಗ ಅದೇ ಕಂಬಸಾಲಿನಲ್ಲಿ ರೆಲ್‌ಎ ಮೇಲೆ ಬೆರಳಿಡಿ. ಎಚ್‌ಡಿ ಇರಬೇಕಾದ ಕಡೆ ‘ಎಫ್‌ಪಿ’ ಇದೆ, ಫೀನೈಲ್‌ಅಲನೀನ್ ಮತ್ತು ಪ್ರೋಲೀನ್. ‘ಇಡಿ’ ಇರಬೇಕಾದ ಕಡೆ ‘ಡಿಎ’. ಲೋಹವನ್ನು ಹಿಡಿಯುವ ಕೈಗಳೇ ಇಲ್ಲ. ಆದರೆ ಸುತ್ತಲಿನ ಡೊಮೈನ್ ಇನ್ನೂ ಉಳಿದಿದೆ, ಬೀಗ ಹಾಕಿದ ಕೋಣೆಯ ಹಾಗೆ. ನಾನು ಮೊದಲ ಸಲ ಈ ಅಲೈನ್‌ಮೆಂಟ್ ತೆರೆದಾಗ ಕಣ್ಣು ಬಹಳ ಹೊತ್ತು ನಿಂತದ್ದು ಈ ಎರಡು ಅಕ್ಷರಗಳ ಮೇಲೆ. ಒಂದು ಕಿಣ್ವ ತನ್ನ ಅರ್ಧ ಬದುಕನ್ನು ಬಿಟ್ಟುಕೊಟ್ಟದ್ದು ಅಷ್ಟು ಚಿಕ್ಕ ಜಾಗದಲ್ಲಿ ಕಾಣುತ್ತದೆ.

ಕಟ್ಟುವ ಭಾಗದಲ್ಲೂ ಇಂಥದೇ ಒಂದು ಗುರುತಿದೆ. ಎರಡೂ ಕೆಲಸ ಮಾಡುವ ರೆಲ್‌ಗಳಲ್ಲಿ ‘ಆರ್-ಎಕ್ಸ್-ಕೆ-ಡಿ’ ಎಂಬ ಸಾಲು ಬರುತ್ತದೆ. ಎಕ್ಸ್ ಅಂದರೆ ಯಾವ ಅಮೈನೋ ಆಮ್ಲವಾದರೂ ಸರಿ. ರೆಲ್‌ಎಯಲ್ಲಿ ಅದು ‘ಇ-ಎಕ್ಸ್-ಡಿ-ಡಿ’. ಆರ್ಜಿನೀನ್ ಮತ್ತು ಲೈಸೀನ್ ಧನ ವಿದ್ಯುದಂಶದವು, ಗ್ಲುಟಮೇಟ್ ಮತ್ತು ಆಸ್ಪಾರ್ಟೇಟ್ ಋಣ. ಅಂದರೆ ವಿದ್ಯುದಂಶ ಪೂರಾ ತಿರುಗಿಬಿದ್ದಿದೆ. 2007ರಲ್ಲಿ ಐಐಟಿ ಕಾನ್ಪುರದ ಬಾಲಾಜಿ ಪ್ರಕಾಶ್ ಅವರ ತಂಡ ಇದನ್ನು ಬಿಡಿಸಿ ತೋರಿಸಿತು. ಕಿಣ್ವ ಮೆಗ್ನೀಸಿಯಂ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಈ ವ್ಯತ್ಯಾಸದ ಜೊತೆ ಬದಲಾಗುತ್ತದೆ. ಇನ್ನೊಂದು ಭೇದವೂ ಇದರ ಜೊತೆಜೊತೆಗೇ ಬರುತ್ತದೆ: ಪಿಪಿಜಿಪಿಪಿ ಕಟ್ಟುವ ಕಚ್ಚಾವಸ್ತುಗಳಲ್ಲಿ ರೆಲ್‌ಎ ಜಿಡಿಪಿಯನ್ನು ಇಷ್ಟಪಡುತ್ತದೆ, ಎರಡೂ ಕೆಲಸದ ರೆಲ್‌ಗಳು ಜಿಟಿಪಿಯನ್ನು. ನಿಮ್ಮದರಲ್ಲಿ ಆರ್-ಎಕ್ಸ್-ಕೆ-ಡಿ ಇದೆ. ಹಾಗಾಗಿ ಎರಡೂ ಗುರುತುಗಳು ಒಂದೇ ಮಾತು ಹೇಳುತ್ತವೆ: ಇದು ಕಟ್ಟುವುದಕ್ಕೂ ಒಡೆಯುವುದಕ್ಕೂ ಬೇಕಾದ ಸಲಕರಣೆ ಇರುವ ರೆಲ್.

ಒಂದು ಎಚ್ಚರಿಕೆ. ಈ ಗುರುತುಗಳು ಕೆಲಸವನ್ನು ಹೇಳುತ್ತವೆ, ಕುಲವನ್ನಲ್ಲ. ಎಚ್‌ಡಿ ಇದೆ, ಆದ್ದರಿಂದ ಇದು ಸ್ಪಾಟ್ ಗುಂಪು ಅಂತ ಬರೆದುಬಿಡಬೇಡಿ. ಎಚ್‌ಡಿ ಎಲ್ಲರಿಗೂ ಪೂರ್ವಜನಿಂದ ಬಂದ ಹಳೆಯ ಆಸ್ತಿ. ಅದನ್ನು ಉಳಿಸಿಕೊಂಡವರೆಲ್ಲ ಒಂದು ಗುಂಪಾಗುವುದಿಲ್ಲ. ಹೊಸದಾಗಿ ಬಂದ ಬದಲಾವಣೆಯನ್ನು ಹಂಚಿಕೊಂಡವರು ಗುಂಪಾಗುತ್ತಾರೆ. ರೆಲ್‌ಎಗಳ ಎಫ್‌ಪಿ ಅಂಥ ಹೊಸ ಗುರುತು.

ಅಕ್ಕಪಕ್ಕದ ಜೀನ್‌ಗಳನ್ನೂ ನೋಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಇ. ಕೋಲೈನಲ್ಲಿ ಸ್ಪಾಟ್ ಜೀನ್ ಒಂದು ಸಾಲಿನಲ್ಲಿ ಕೂತಿದೆ: ಜಿಎಂಕೆ, ಆರ್‌ಪಿಒಜೆಡ್, ಸ್ಪಾಟ್, ಟಿಆರ್‌ಎಂಎಚ್, ರೆಕ್‌ಜಿ. ರೆಲ್‌ಎ ಬೇರೆಯೇ ಕಡೆ ಇದೆ, ಅದರ ಮುಂದೆ ಮ್ಯಾಜ್‌ಇ, ಮ್ಯಾಜ್‌ಎಫ್. ಬ್ಯಾಸಿಲಸ್‌ನಲ್ಲಿ ರೆಲ್ ಪಕ್ಕ ಎಪಿಟಿ ಜೀನ್ ಇರುತ್ತದೆ, ಅದರ ಹಿಂದೆ ರೆಕ್‌ಜೆ. ಕ್ಷಯದ ಬ್ಯಾಕ್ಟೀರಿಯಾದಲ್ಲೂ ರೆಲ್‌ಗೆ ಎಪಿಟಿಯೇ ನೆರೆ. ನಿಮ್ಮ ಜೀನೋಮ್‌ನಲ್ಲೂ ಎಪಿಟಿ ಸಿಕ್ಕರೆ ಮರಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಂತೆ. ಇದು ಸೀಕ್ವೆನ್ಸ್ ಹೋಲಿಕೆಯಿಂದ ಬೇರೆಯಾದ ಸಾಕ್ಷಿ, ಅದಕ್ಕೇ ಬೆಲೆ ಜಾಸ್ತಿ.

ಈಗ ಆ ಎರಡು ಚಿಕ್ಕ ಜೀನ್‌ಗಳು. ನಿಮ್ಮ ಮರ ಕಲಸಿಹೋದದ್ದು ಅವುಗಳಿಂದ, ಅದರಲ್ಲಿ ಅಚ್ಚರಿ ಇಲ್ಲ. ಅವು ರೆಲ್‌ಕ್ಯೂ ಮತ್ತು ರೆಲ್‌ಪಿ ಇರಬೇಕು. ಬ್ಯಾಸಿಲಸ್ ಮತ್ತು ಸ್ಟ್ಯಾಫಿಲೊಕಾಕಸ್‌ಗಳಲ್ಲಿ ಇವು ಮಾಮೂಲು. ಸುಮಾರು 200 ಚಿಲ್ಲರೆ ಅಮೈನೋ ಆಮ್ಲಗಳ ಪುಟ್ಟ ಕಿಣ್ವಗಳು. ಕಟ್ಟುವ ಭಾಗ ಮಾತ್ರ ಇರುತ್ತದೆ, ಎಚ್‌ಡಿ ಡೊಮೈನ್ ಇಲ್ಲ, ರೈಬೋಸೋಮ್ ಹಿಡಿಯುವ ಹಿಂಭಾಗವೂ ಇಲ್ಲ. 734 ಅಕ್ಷರಗಳ ಸಾಲಿನ ಜೊತೆ 210 ಅಕ್ಷರಗಳ ಸಾಲನ್ನು ಇಟ್ಟರೆ ಮುಕ್ಕಾಲು ಭಾಗ ಖಾಲಿ. ಪ್ರೋಗ್ರಾಂ ಆ ಖಾಲಿ ಜಾಗವನ್ನು ತುಂಬಲು ಹೋಗಿ ಸಂಬಂಧವಿಲ್ಲದ ಅಕ್ಷರಗಳನ್ನು ಒಂದರ ಕೆಳಗೊಂದು ಜೋಡಿಸುತ್ತದೆ. ಇವುಗಳಿಗೆ ಬೇರೆ ಮರ ಕಟ್ಟಿ. ದೊಡ್ಡವುಗಳ ಕಟ್ಟುವ ಭಾಗವನ್ನಷ್ಟೇ ಕತ್ತರಿಸಿ ಇವುಗಳ ಜೊತೆ ಇಡಿ. ಸಾಲು ಚಿಕ್ಕದಾದ್ದರಿಂದ ಆಳದ ಕವಲುಗಳಿಗೆ ಬೆಂಬಲ ಕಡಿಮೆ ಬರುತ್ತದೆ. ಅದನ್ನು ಹಾಗೇ ಒಪ್ಪಿಕೊಂಡು ಬರೆಯಿರಿ.

ಈ ಕುಟುಂಬ ಎಷ್ಟು ದೂರ ಹಬ್ಬಿದೆ ಅಂತ ಗೊತ್ತಾದರೆ ನಿಮಗೆ ಖುಷಿಯಾಗಬಹುದು. ಗಿಡಗಳ ಕ್ಲೋರೋಪ್ಲಾಸ್ಟ್‌ನಲ್ಲೂ ಇದರ ಬಳಗ ಇದೆ, 2000ದಲ್ಲಿ ಅರಾಬಿಡಾಪ್ಸಿಸ್‌ನಲ್ಲಿ ಮೊದಲು ಕಂಡದ್ದು. 2010ರಲ್ಲಿ ನೊಣದಲ್ಲೂ ಮನುಷ್ಯನಲ್ಲೂ ಒಡೆಯುವ ಭಾಗ ಮಾತ್ರ ಇರುವ ಮೆಶ್1 ಎಂಬ ಕಿಣ್ವ ಸಿಕ್ಕಿತು. ಇನ್ನೊಂದು ಕಡೆ ಕ್ಲಮಿಡಿಯಾದಂಥ, ಬೇರೆ ಜೀವಕೋಶದೊಳಗೇ ಬದುಕುವ ಬ್ಯಾಕ್ಟೀರಿಯಾ ಈ ಜೀನನ್ನೇ ಕಳೆದುಕೊಂಡಿದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಮಾತ್ರ ಇದು ಬೇಕೇ ಬೇಕು. ರೆಲ್ ತೆಗೆದ ತಳಿ ಇಲಿಯ ಮೈಯಲ್ಲಿ ದೀರ್ಘಕಾಲ ನೆಲೆನಿಲ್ಲಲಾರದು ಎಂದು 2003ರಲ್ಲೇ ತೋರಿಸಿದ್ದಾರೆ.

ಮರವನ್ನು ಮತ್ತೆ ಕಟ್ಟುವಾಗ ಕೆಲವು ಮಾತು ನೆನಪಿಡಿ. ಇಷ್ಟು ದೂರದ ನೆಂಟರಿಗೆ ಡಿಎನ್‌ಎ ಸಾಲು ಬೇಡ, ಪ್ರೊಟೀನ್ ಸಾಲು ಬಳಸಿ. ಕೋಡಾನ್‌ನ ಮೂರನೇ ಅಕ್ಷರ ಎಷ್ಟೋ ಸಲ ಬದಲಾಗಿ ಬದಲಾಗಿ ಅದರಲ್ಲಿ ಈಗ ಯಾವ ಸುಳಿವೂ ಉಳಿದಿರುವುದಿಲ್ಲ. ಅಲೈನ್‌ಮೆಂಟ್‌ಗೆ ಮ್ಯಾಫ್ಟ್, ಮರಕ್ಕೆ ಐಕ್ಯೂ-ಟ್ರೀ ಸಾಕು. ಮಾದರಿಯನ್ನು ಅದರ ಮಾಡೆಲ್‌ಫೈಂಡರ್ ಆರಿಸಲಿ. ಕವಲಿಗೆ ಎಷ್ಟು ಬೆಂಬಲ ಇದೆ ಅಂತ ಅಳೆಯಲು ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರಾಪ್ ಹಾಕಿದರೆ 95ಕ್ಕಿಂತ ಕೆಳಗಿನದನ್ನು ಗಟ್ಟಿ ಅನ್ನಬೇಡಿ. ಮಾಮೂಲಿ ಬೂಟ್‌ಸ್ಟ್ರಾಪ್‌ನ 70ರ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಯಾರನ್ನು ಸೇರಿಸುತ್ತೀರಿ ಅನ್ನುವುದು. ಬರೀ ನಿಮ್ಮ ಜೀನ್, ರೆಲ್‌ಎ, ಸ್ಪಾಟ್ ಮೂರನ್ನೇ ಇಟ್ಟರೆ ಬೇರು ಹಾಕದ ಮರಕ್ಕೆ ಒಂದೇ ಆಕಾರ. ಯಾರು ಯಾರಿಗೆ ಹತ್ತಿರ ಅಂತ ಅದು ಹೇಳಲಾರದು. ಬೀಟಾ ಮತ್ತು ಗಾಮಾ ಗುಂಪುಗಳಿಂದ ರೆಲ್‌ಎ, ಸ್ಪಾಟ್ ಎರಡನ್ನೂ ನಾಲ್ಕೈದು ಜೀವಿಗಳದು ತೆಗೆದುಕೊಳ್ಳಿ. ಆಲ್ಫಾ ಗುಂಪಿನ ರೆಲ್‌ಗಳನ್ನು ಖಂಡಿತ ಸೇರಿಸಿ, ಕಾಲೋಬ್ಯಾಕ್ಟರ್‌ನದು ‘ಸ್ಪಾಟ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಬ್ಯಾಸಿಲಸ್, ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್, ಮೈಕೋಬ್ಯಾಕ್ಟೀರಿಯಂ ಇರಲಿ. ರೆಲ್‌ಎ ವೇಗವಾಗಿ ಬದಲಾದದ್ದರಿಂದ ಅದರ ಕೊಂಬೆ ಉದ್ದ. ಉದ್ದನೆಯ ಕೊಂಬೆಗಳು ನೆಂಟಸ್ತಿಕೆ ಇಲ್ಲದಿದ್ದರೂ ಒಂದನ್ನೊಂದು ಎಳೆದುಕೊಳ್ಳುತ್ತವೆ. ಆಲ್ಫಾ ರೆಲ್‌ಗಳು ನಡುವೆ ಬಂದರೆ ಆ ಎಳೆತ ಕಡಿಮೆಯಾಗುತ್ತದೆ. ಮಧ್ಯಬಿಂದುವಿನಲ್ಲಿ ಬೇರು ಹಾಕುವ ಆಯ್ಕೆ ಮಾತ್ರ ಬೇಡ. ಅದು ಎಲ್ಲರೂ ಒಂದೇ ವೇಗದಲ್ಲಿ ಬದಲಾದರು ಅಂತ ನಂಬುತ್ತದೆ, ಬೇರನ್ನು ರೆಲ್‌ಎ ಕೊಂಬೆಗೇ ಎಳೆದುಬಿಡುತ್ತದೆ. ಆಗ ರೆಲ್‌ಎಯೇ ಎಲ್ಲರಿಗಿಂತ ಪುರಾತನ ಅನ್ನಿಸುತ್ತದೆ, ಅದು ಸುಳ್ಳು.

ಲ್ಯಾಬ್‌ನಲ್ಲಿ ಸಮಯ ಇದ್ದರೆ ಕೆಲಸವನ್ನೂ ಪರೀಕ್ಷಿಸಬಹುದು. ರೆಲ್‌ಎ, ಸ್ಪಾಟ್ ಎರಡನ್ನೂ ತೆಗೆದ ಇ. ಕೋಲೈನಲ್ಲಿ ಪಿಪಿಜಿಪಿಪಿ ಇರುವುದಿಲ್ಲ. 1991ರಿಂದ ಗೊತ್ತಿರುವ ಹಾಗೆ, ಅಮೈನೋ ಆಮ್ಲ ಹಾಕದ ಕನಿಷ್ಠ ಮಾಧ್ಯಮದಲ್ಲಿ ಅದು ಬೆಳೆಯುವುದಿಲ್ಲ. ನಿಮ್ಮ ಜೀನ್ ಹಾಕಿದಾಗ ಬೆಳೆದರೆ ಕಟ್ಟುವ ಭಾಗ ಕೆಲಸ ಮಾಡುತ್ತಿದೆ. ಒಡೆಯುವ ಭಾಗಕ್ಕೆ ಇನ್ನೊಂದು ಪರೀಕ್ಷೆ ಇದೆ. ರೆಲ್‌ಎ ಇರುವಾಗ ಸ್ಪಾಟ್ ತೆಗೆದರೆ ಪಿಪಿಜಿಪಿಪಿ ತುಂಬಿಕೊಂಡು ಇ. ಕೋಲೈ ಸಾಯುತ್ತದೆ. ನಿಮ್ಮ ಜೀನ್ ಒಳಗಿದ್ದಾಗ ಸ್ಪಾಟ್ ತೆಗೆಯಲು ಸಾಧ್ಯವಾದರೆ ಎಚ್‌ಡಿ ಜೀವಂತ ಇದೆ ಅಂತ ಅರ್ಥ. ಜೀನನ್ನು ತುಂಬ ಜೋರಾಗಿ ಓಡಿಸಬೇಡಿ. ಪಿಪಿಜಿಪಿಪಿ ಜಾಸ್ತಿಯಾದರೆ ಬೆಳವಣಿಗೆಯೇ ನಿಂತು, ಜೀನ್ ಕೆಲಸ ಮಾಡುತ್ತಿಲ್ಲ ಅಂತ ನೀವು ತಪ್ಪಾಗಿ ತಿಳಿಯಬಹುದು.

ಹೆಸರಿನ ಬಗ್ಗೆ ಕೇಳಿದಿರಿ. ಜೀನ್ ಎಂಬ ಕಡೆ ‘ರೆಲ್’ ಎಂದಷ್ಟೇ ಬರೆಯಿರಿ, ಎ ಅಕ್ಷರ ಬೇಡ. ಉತ್ಪನ್ನ ಎಂಬ ಕಡೆ, ಪಿಪಿಜಿಪಿಪಿ ಕಟ್ಟುವ ಮತ್ತು ಒಡೆಯುವ ಎರಡೂ ಕೆಲಸದ ಕಿಣ್ವ ಎಂದು ಬರೆಯಿರಿ. ಪ್ರಯೋಗ ಮಾಡಿರದಿದ್ದರೆ ‘ಸೀಕ್ವೆನ್ಸ್ ಆಧಾರದ ಊಹೆ’ ಎಂದು ಸೇರಿಸಿ. ಚಿಕ್ಕವೆರಡಕ್ಕೆ ಈಗಲೇ ಹೆಸರು ಹಾಕಬೇಡಿ. ಅವುಗಳ ಬೇರೆ ಮರದಲ್ಲಿ ಯಾವುದು ಬ್ಯಾಸಿಲಸ್ ಸಬ್ಟಿಲಿಸ್‌ನ ರೆಲ್‌ಕ್ಯೂ ಜೊತೆ, ಯಾವುದು ರೆಲ್‌ಪಿ ಜೊತೆ ಕೂರುತ್ತದೆ ಅಂತ ನೋಡಿದ ಮೇಲೆ ಹಾಕಿ.